ಬಾಲಕರಿಗೆ ಅಲಂಕಾರಬೋಧೆ: ಲಕ್ಷಣವೂ ಲಕ್ಷ್ಯವೂ

ಗುಬ್ಬಿ ತಾಲ್ಲೂಕಿನ ಕಡಬವು ಶಿಂಷಾ ನದಿಯ ನೀರಿನಿಂದ ತುಂಬುವ ದೊಡ್ಡ ಕೆರೆಗೆ ಹೆಸರಾದ ಊರು. ಅಲ್ಲಿ ದೊರೆತ ತಾಮ್ರಶಾಸನವು ಶಕವರ್ಷ 735ರ ಕಾಲೋಲ್ಲೇಖವುಳ್ಳದ್ದು. ರಾಷ್ಟ್ರಕೂಟ ದೊರೆ ಮುಮ್ಮಡಿ ಗೋವಿಂದನು ಅರ್ಕಕೀರ್ತಿಯೆಂಬ ಜೈನಮುನಿಗೆ ಗ್ರಾಮವೊಂದನ್ನು ದತ್ತಿಯಿತ್ತ ಸಂಗತಿಯನ್ನು ಅದು ಗದ್ಯಪದ್ಯಮಿಶ್ರವಾದ ಸಂಸ್ಕೃತದಲ್ಲಿ ನಿರೂಪಿಸುತ್ತದೆ. ಆ ಗೋವಿಂದನ ಮಗನೇ ಅಮೋಘವರ್ಷ ನೃಪತುಂಗ. ಅವನ ಆಸ್ಥಾನದಲ್ಲಿ ಸುಮಾರು ಕ್ರಿ.ಶ. 850ರಲ್ಲಿ ರಚಿತವಾದ ‘ಕವಿರಾಜಮಾರ್ಗ’ವು ಇಂದು ಉಪಲಬ್ಧವಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದು, ಅದು ಅಲಂಕಾರಗ್ರಂಥವೂ ಹೌದು. ಶಾಸನದಲ್ಲಿ ತಂದೆಯ ಹೆಸರನ್ನು ಉಳಿಸಿಕೊಂಡ ಊರಿನ ಮಕ್ಕಳು, ಮಗನ ಕಾಲದಲ್ಲಿ ಕನ್ನಡಕ್ಕೆ ಬಂದ ಶಾಸ್ತ್ರವನ್ನು ಇಂದು ಹೇಗೆ ಕಲಿಯುತ್ತಾರೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಕವಿರಾಜಮಾರ್ಗವು ದಂಡಿಯ ‘ಕಾವ್ಯಾದರ್ಶ’ವನ್ನು ಬಹುಮಟ್ಟಿಗೆ ಆಶ್ರಯಿಸಿದೆ. ಅದರ ಎರಡನೆಯ ಪರಿಚ್ಛೇದವು ಶಬ್ದಾಲಂಕಾರಗಳಿಗೂ ಮೂರನೆಯದು ಅರ್ಥಾಲಂಕಾರಗಳಿಗೂ ಮೀಸಲು. ಆದರೆ ಈ ವಿಭಾಗಗಳಿಗೆ ಮೊದಲೇ ಗ್ರಂಥಕಾರನು, ಕನ್ನಡನಾಡಿನ ಜನರು ಓದನ್ನು ಅರಿಯದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರೆಂದು ಹೇಳಿರುವನು. ಈ ಮಾತಿನ ತಾತ್ಪರ್ಯವನ್ನು ಬೋಧಕರು ಮರೆಯಬಾರದು. ಅಲಂಕಾರವು ಮಗುವಿಗೆ ಹೊರಗಿನಿಂದ ತಂದು ತೊಡಿಸುವ ಒಡವೆಯಲ್ಲ. ಅದರ ಮನೆಮಾತಿನಲ್ಲಿ ಆಗಲೇ ಇರುವ ಶಕ್ತಿ. ಶಾಸ್ತ್ರವು ಆ ಶಕ್ತಿಗೆ ಹೆಸರು ಕೊಡುತ್ತದೆ, ಅಷ್ಟೆ.

ಮಾಧ್ಯಮಿಕ ತರಗತಿಗಳಲ್ಲಿ ಈಗ ರೂಢಿಯಲ್ಲಿರುವ ಕ್ರಮ ಇದಕ್ಕೆ ವಿಪರೀತವಾದುದು. ಮೊದಲು ಲಕ್ಷಣವನ್ನು ಕಂಠಪಾಠ ಮಾಡಿಸುವುದು, ಬಳಿಕ ಉಪಮೇಯ, ಉಪಮಾನ, ವಾಚಕಪದ, ಸಮಾನಧರ್ಮಗಳನ್ನು ಪಟ್ಟಿ ಮಾಡಿಸುವುದು, ಕೊನೆಗೆ ‘ಸಮನ್ವಯ’ವೆಂಬ ಶಿರೋನಾಮದಡಿ ಅದೇ ಲಕ್ಷಣವನ್ನು ಮತ್ತೊಮ್ಮೆ ಬರೆಸುವುದು. ಸಮನ್ವಯವೆಂದರೆ ಲಕ್ಷಣವನ್ನು ಲಕ್ಷ್ಯದೊಡನೆ ಹೊಂದಿಸಿ ನೋಡುವುದು. ಅದು ಪುನರುಕ್ತಿಯಾದಾಗ ವಿದ್ಯಾರ್ಥಿಗೆ ಅಂಕ ದೊರೆಯುತ್ತದೆ, ಕಾವ್ಯ ದೊರೆಯುವುದಿಲ್ಲ.

ಕಡಬದ ಮಗುವಿಗೆ ದಿನವೂ ಕಾಣುವ ಕೆರೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ‘ಕೆರೆಯು ಕಡಲಿನಂತೆ ವಿಶಾಲವಾಗಿದೆ’ ಎಂದಾಗ ಉಪಮೆಯ ನಾಲ್ಕು ಅಂಗಗಳೂ ಪೂರ್ಣವಾಗಿವೆ. ‘ಈ ಕೆರೆ ಊರಿನ ತಾಯಿ’ ಎಂದರೆ ವಾಚಕಪದವಿಲ್ಲ. ಉಪಮೇಯಕ್ಕೂ ಉಪಮಾನಕ್ಕೂ ಅಭೇದವನ್ನು ಹೇಳಿರುವುದರಿಂದ ರೂಪಕ. ‘ತೆರೆಗಳು ಏರಿಯನ್ನು ಬಡಿಯುತ್ತಿರಲು, ಕೆರೆಯೇ ಹೊರಬರಲು ಬಾಗಿಲು ತಟ್ಟುತ್ತಿದೆಯೋ ಎಂಬಂತಿತ್ತು’ ಎಂಬಲ್ಲಿ ಒಂದನ್ನು ಮತ್ತೊಂದಾಗಿ ಸಂಭಾವಿಸಿರುವುದರಿಂದ ಉತ್ಪ್ರೇಕ್ಷೆ. ಕೆರೆ ಒಂದೇ, ನೋಡುವ ಮನಸ್ಸಿನ ನಿಲುವು ಮೂರು. ಮೊದಲನೆಯದರಲ್ಲಿ ಅಳತೆಯಿದೆ, ಎರಡನೆಯದರಲ್ಲಿ ಋಣವಿದೆ, ಮೂರನೆಯದರಲ್ಲಿ ಬೆರಗೂ ಭಯವೂ ಇವೆ. ಈ ಭೇದವನ್ನು ಕಂಡ ಮಗುವಿಗೆ ಲಕ್ಷಣವು ತಾನಾಗಿಯೇ ನೆನಪಿನಲ್ಲಿ ನಿಲ್ಲುತ್ತದೆ.

ವಾಚಕಪದವನ್ನೇ ನೆಚ್ಚಿ ಅಲಂಕಾರವನ್ನು ಗುರುತಿಸುವ ಅಭ್ಯಾಸವು ಎಷ್ಟು ಅಪಾಯಕರವೆಂಬುದಕ್ಕೆ ‘ಅಂತೆ’ ಎಂಬ ಪ್ರಯೋಗವೇ ಸಾಕ್ಷಿ. ‘ಕಡಲಿನಂತೆ’ ಎಂಬಲ್ಲಿ ಅದು ಉಪಮಾವಾಚಕ; ‘ತಟ್ಟುತ್ತಿದೆಯೋ ಎಂಬಂತೆ’ ಎಂಬಲ್ಲಿ ಸಂಭಾವನೆಯ ಸೂಚಕ; ‘ಕೆರೆ ಕೋಡಿ ಬಿದ್ದಿತಂತೆ’ ಎಂಬಲ್ಲಿ ಬರಿಯ ಕೇಳಿದ ಸುದ್ದಿ, ಅಲಂಕಾರದ ಸೋಂಕೂ ಇಲ್ಲ. ‘ಈ ಕೆರೆ ಮಾರ್ಕೋನಹಳ್ಳಿ ಜಲಾಶಯದಂತೆ ಶಿಂಷಾ ನದಿಯ ನೀರನ್ನು ಪಡೆಯುತ್ತದೆ’ ಎಂಬ ವಾಕ್ಯದಲ್ಲಿ ಹೋಲಿಕೆಯಿದ್ದರೂ ಉಪಮೆಯಿಲ್ಲ. ಸಜಾತೀಯವಾದ ಎರಡು ವಸ್ತುಗಳ ವಾಸ್ತವ ಸಾಮ್ಯವನ್ನು ಹೇಳುವುದರಲ್ಲಿ ಚಮತ್ಕಾರವಿರುವುದಿಲ್ಲ. ಕಾವ್ಯಶೋಭೆಯನ್ನು ಉಂಟುಮಾಡುವ ಧರ್ಮವೇ ಅಲಂಕಾರವೆಂದು ದಂಡಿ ಹೇಳಿದುದರ ಮರ್ಮವೂ ಇದೇ.

ಇದು ಕೇವಲ ಪರೀಕ್ಷೆಯ ಪ್ರಶ್ನೆಯಾಗಿದ್ದರೆ ಇಷ್ಟು ವಿಸ್ತಾರವಾದ ವಿಚಾರ ಬೇಕಿರಲಿಲ್ಲ. ಅಲಂಕಾರವನ್ನು ತಪ್ಪಾಗಿ ಓದಿದವರು ವಚನವನ್ನೂ ತಪ್ಪಾಗಿ ಓದುತ್ತಾರೆ. ದೇಹವನ್ನೇ ದೇಗುಲವಾಗಿ ಕಂಡ ಬಸವಣ್ಣನವರ ಪ್ರಸಿದ್ಧ ವಚನವು ಪಠ್ಯಪುಸ್ತಕಗಳ ಮೂಲಕ ಮಕ್ಕಳಿಗೆ ಪರಿಚಿತವಾದುದು. ಅದನ್ನು ‘ದೇಹವು ದೇವಾಲಯದಂತೆ ಇದೆ’ ಎಂದು ಬಿಡಿಸಿ ಹೇಳಿದರೆ ರೂಪಕವು ಉಪಮೆಗೆ ಇಳಿಯುತ್ತದೆ. ಉಪಮೆಯಲ್ಲಿ ಉಪಮಾನವೇ ಅಧಿಕಗುಣವುಳ್ಳದ್ದೆಂಬುದು ರೂಢಿ; ಆಗ ಕಲ್ಲಿನ ಗುಡಿ ಮೇಲಾಗಿ, ದೇಹವು ಅದರ ನೆರಳಾಗಿ ಉಳಿಯುತ್ತದೆ. ವಚನದ ನಿಲುವು ಇದಕ್ಕೆ ನೇರ ವಿರುದ್ಧ. ಗುಡಿಯನ್ನು ಕಟ್ಟಿಸಲಾರದ ಬಡವನಿಗೆ ದೇಹವೇ ಗುಡಿ. ಹೋಲಿಕೆಯ ಕರುಣೆ ಅವನಿಗೆ ಬೇಕಿಲ್ಲ. ಒಂದು ವಾಚಕಪದದ ಸೇರ್ಪಡೆಯಿಂದ ಒಂದು ದರ್ಶನವೇ ಕೈಜಾರುತ್ತದೆ. ಲಿಂಗಾಂಗ ಸಾಮರಸ್ಯವನ್ನು ಹೇಳಹೊರಟ ಶರಣರಿಗೆ ಅಭೇದವನ್ನು ನುಡಿಯುವ ರೂಪಕವು ಅನಿವಾರ್ಯವಾಗಿ ಒದಗಿತು, ಅಲಂಕರಣಕ್ಕಾಗಿ ಅಲ್ಲ. ಅಂಬಿಗರ ಚೌಡಯ್ಯ, ಜೇಡರ ದಾಸಿಮಯ್ಯ ಮೊದಲಾದವರು ಅಲಂಕಾರಗ್ರಂಥಗಳಿಂದಲ್ಲ, ತಮ್ಮ ಬದುಕಿನಿಂದ ಮಾತನ್ನು ಪಡೆದವರು. ಕವಿರಾಜಮಾರ್ಗಕಾರನ ಮಾತಿಗೆ ಇದಕ್ಕಿಂತ ಉತ್ತಮವಾದ ಸಮರ್ಥನೆ ದೊರೆಯದು.

ಇಷ್ಟರಿಂದ ಲಕ್ಷಣಜ್ಞಾನವು ನಿರರ್ಥಕವೆಂದು ಭಾವಿಸಲಾಗದು. ನಿಯಮವಿಲ್ಲದೆ ‘ಸೊಗಸಾಗಿದೆ’ ಎನ್ನುವುದರಲ್ಲೇ ನಿಲ್ಲುವ ಓದು ವಿಮರ್ಶೆಯಾಗದು. ಉಪಮೆಗೂ ರೂಪಕಕ್ಕೂ ಇರುವ ಅಂತರವನ್ನು ಶಾಸ್ತ್ರವು ಖಚಿತವಾಗಿ ನಿರ್ದೇಶಿಸಿರುವುದರಿಂದಲೇ ಮೇಲಿನ ವಚನದ ಅಪವ್ಯಾಖ್ಯಾನವನ್ನು ಗುರುತಿಸುವುದು ಸಾಧ್ಯವಾಗುತ್ತದೆ. ಬದಲಾಗಬೇಕಾದುದು ಶಾಸ್ತ್ರವಲ್ಲ, ಬೋಧನೆಯ ಕ್ರಮ. ಮೊದಲು ಲಕ್ಷ್ಯ, ಬಳಿಕ ಲಕ್ಷಣ. ಮೊದಲು ‘ಈ ಮಾತು ಏನು ಮಾಡುತ್ತಿದೆ?’ ಎಂಬ ಪ್ರಶ್ನೆ, ಬಳಿಕ ‘ಇದಕ್ಕೆ ಹೆಸರೇನು?’ ಎಂಬ ಪ್ರಶ್ನೆ. ಪಾಠದ ಕೊನೆಯಲ್ಲಿ ಪ್ರತಿಯೊಂದು ಮಗುವೂ ತನ್ನೂರಿನ ಕೆರೆಯನ್ನೋ ತೆಂಗಿನ ತೋಟವನ್ನೋ ಕುರಿತು ಒಂದು ಉಪಮೆಯನ್ನೂ ಒಂದು ರೂಪಕವನ್ನೂ ತಾನೇ ಕಟ್ಟಿ, ಅವೆರಡರಲ್ಲಿ ಅರ್ಥ ಎಲ್ಲಿ ಬೇರೆಯಾಯಿತೆಂದು ಹೇಳುವಂತಾದರೆ ಸಮನ್ವಯವೆಂಬ ಶಬ್ದವು ಸಾರ್ಥಕವಾದೀತು.