ಕೊರಿಯಾದ ಧಾರಾವಾಹಿಯೂ ಕರಾವಳಿಯ ಕಣ್ಣೀರೂ

ಕೊರಿಯಾ ದೇಶದ ಧಾರಾವಾಹಿಗಳು ಈಚಿನ ಕೆಲವು ವರ್ಷಗಳಲ್ಲಿ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಮನೆಗಳನ್ನೂ ಸದ್ದಿಲ್ಲದೆ ಹೊಕ್ಕಿವೆ. ಅವನ್ನು ನೋಡುವವರು ಕಾಲೇಜಿನ ಹುಡುಗಿಯರು ಮಾತ್ರವೆಂದೂ, ಅದೊಂದು ವಯಸ್ಸಿನ ಹುಚ್ಚೆಂದೂ ಹಿರಿಯರಲ್ಲೊಂದು ಭಾವನೆಯಿದೆ. ಕನ್ನಡದ ಅಧ್ಯಾಪಕನಾದ ನಾನು ಇವನ್ನು ಹಲವು ವರ್ಷಗಳಿಂದ ಬಿಡದೆ ನೋಡಿಕೊಂಡು ಬಂದವನು. ಆ ಹುಚ್ಚಿನಲ್ಲಿ ಒಂದಿಷ್ಟು ವಿವೇಕವೂ ಇದೆಯೆಂಬುದು ನನ್ನ ಅಭಿಪ್ರಾಯ. ಇವುಗಳಲ್ಲಿ ಕಾಳಷ್ಟೇ ಜೊಳ್ಳೂ ಉಂಟು. ಎರಡನ್ನೂ ಕೇರಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ಹೇಳಬೇಕಾದದ್ದು ಅಳತೆಯ ಮಾತು. ಕೊರಿಯಾದ ಧಾರಾವಾಹಿ ಸಾಮಾನ್ಯವಾಗಿ ಹನ್ನೆರಡು, ಹದಿನಾರು, ಹೆಚ್ಚೆಂದರೆ ಇಪ್ಪತ್ತು ಕಂತುಗಳಲ್ಲಿ ಮುಗಿಯುತ್ತದೆ. ಒಬ್ಬರೋ ಇಬ್ಬರೋ ಲೇಖಕರು ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಬರೆಯುತ್ತಾರೆ; ಅವರ ಹೆಸರನ್ನು ಕೇಳಿಯೇ ನೋಡುವವರಿದ್ದಾರೆ. ನಮ್ಮ ಕನ್ನಡ ವಾಹಿನಿಗಳಲ್ಲಾದರೋ ‘ಅಗ್ನಿಸಾಕ್ಷಿ’ 2013ರಲ್ಲಿ ತೊಡಗಿ 2020ರವರೆಗೆ ಓಡಿತು. ಏಳು ವರ್ಷದ ಕಥೆಗೆ ಆದಿಯೊಂದು ಇರಬಹುದು, ಅಂತ್ಯವೆಂಬುದು ಇರಲಾರದು. ಅದನ್ನು ನಿಲ್ಲಿಸುತ್ತಾರೆ, ಅಷ್ಟೆ. ಬಡಗಿನ ಯಕ್ಷಗಾನವನ್ನು ನೋಡಿ ಬೆಳೆದ ನಮಗೆ ಈ ವ್ಯತ್ಯಾಸ ಬೇಗ ತಿಳಿಯಬೇಕು. ಮಂದಾರ್ತಿಯ ಮೇಳವಿರಲಿ, ಮಾರಣಕಟ್ಟೆಯ ಮೇಳವಿರಲಿ, ಇಡೀ ರಾತ್ರಿಯ ಪ್ರಸಂಗವನ್ನು ಎತ್ತಿಕೊಂಡರೆ ಬೆಳಕು ಹರಿಯುವಷ್ಟರಲ್ಲಿ ಮಂಗಳ ಹಾಡಲೇಬೇಕು. ಆ ಕಟ್ಟು ಇರುವುದರಿಂದಲೇ ಭಾಗವತನಿಗೆ ಯಾವ ಪದ್ಯವನ್ನು ಎಳೆಯಬೇಕು, ಯಾವುದನ್ನು ಹಾರಿಸಬೇಕು ಎಂಬ ಔಚಿತ್ಯ ಗೊತ್ತಿರುತ್ತದೆ. ಕೊರಿಯಾದವರ ಒಳ್ಳೆಯ ಕೃತಿಗಳಲ್ಲಿ ನಾನು ಮೆಚ್ಚುವುದು ಈ ಔಚಿತ್ಯವನ್ನೇ.

ಆದರೆ ಎಲ್ಲ ಕೃತಿಗಳೂ ಹಾಗಿಲ್ಲ. 2002ರ ‘ವಿಂಟರ್ ಸೊನಾಟಾ’ದಿಂದ ಮೊದಲುಗೊಂಡು ಇಂದಿನವರೆಗೆ ವಾಹನಾಪಘಾತ, ಮರೆವು, ವಾಸಿಯಾಗದ ರೋಗ ಈ ಮೂರೂ ಅವರ ಅಡಿಗೆಯ ಉಪ್ಪು, ಹುಳಿ, ಖಾರಗಳಾಗಿವೆ. 2024ರಲ್ಲಿ ಬಂದ ‘ಕ್ವೀನ್ ಆಫ್ ಟಿಯರ್ಸ್’ ಇದಕ್ಕೆ ಒಳ್ಳೆಯ ಉದಾಹರಣೆ. ಸಿರಿವಂತರ ಮನೆಯ ಮಗಳು, ಹಳ್ಳಿಯಿಂದ ಬಂದ ಅಳಿಯ, ಹಳಸಿದ ದಾಂಪತ್ಯ. ಅತ್ತೆಮನೆಯಲ್ಲಿ ಸೊಸೆ ಪಡುವ ಪಾಡನ್ನು ಇಲ್ಲಿ ಅಳಿಯ ಪಡುತ್ತಾನೆ. ಮೊದಲ ಕಂತುಗಳಲ್ಲಿ ಈ ತಿರುಗುಮುರುಗು ಎಷ್ಟು ಚೆನ್ನಾಗಿ ಹಾಸ್ಯವನ್ನು ಹುಟ್ಟಿಸುತ್ತದೆ! ಲೇಖಕಿ ಪಾರ್ಕ್ ಜಿಯುನ್ ಅವರಿಗೆ ಮನೆಯೊಳಗಿನ ಸೂಕ್ಷ್ಮ ಕ್ರೌರ್ಯದ ಅರಿವು ಚೆನ್ನಾಗಿದೆ. ಆದರೆ ಕಥೆ ಮುಂದುವರಿದಂತೆ ನಾಯಕಿಗೆ ಮಿದುಳಿನ ರೋಗ, ಶಸ್ತ್ರಚಿಕಿತ್ಸೆಯಿಂದ ಮರೆವು, ಕೊನೆಯ ಎರಡು ಕಂತುಗಳಲ್ಲಿ ನಾಯಕನಿಗೆ ಮೊದಲು ಕಾರು ಬಡಿಯುವುದು, ಆಮೇಲೆ ಗುಂಡೇಟು ತಗಲುವುದು. ಇಷ್ಟಾದ ಮೇಲೆ ಪ್ರೇಕ್ಷಕನ ಕಣ್ಣಲ್ಲಿ ನೀರು ಬಾರದಿದ್ದರೆ ಅದು ಅವನ ತಪ್ಪಲ್ಲ. ದಂಪತಿಗಳು ತಮ್ಮ ಮನಸ್ಸಿನಿಂದಲೇ ಒಂದಾಗಬೇಕಿತ್ತು. ಲೇಖಕಿ ಆ ಕೆಲಸವನ್ನು ಖಳನ ಬಂದೂಕಿಗೆ ಒಪ್ಪಿಸಿದರು.

‘ಸ್ಕ್ವಿಡ್ ಗೇಮ್’ ಬೇರೊಂದು ಬಗೆಯ ದೋಷಕ್ಕೆ ಉದಾಹರಣೆ. 2021ರ ಒಂಬತ್ತು ಕಂತುಗಳಲ್ಲಿ, ಸಾಲದಲ್ಲಿ ಮುಳುಗಿದ 456 ಮಂದಿ ಮಕ್ಕಳ ಆಟವನ್ನು ಪ್ರಾಣಕ್ಕಾಗಿ ಆಡುತ್ತಾರೆಂಬ ಭಯಂಕರ ಕಲ್ಪನೆ ಪೂರ್ಣವಾಗಿ ಹೇಳಲ್ಪಟ್ಟಿತ್ತು. ಲೋಕಪ್ರಸಿದ್ಧಿ ಬಂದದ್ದರಿಂದ 2024ರ ಕೊನೆಗೆ ಎರಡನೆಯ ಭಾಗ, 2025ರಲ್ಲಿ ಮೂರನೆಯದು ಬಂದವು. ಎರಡನೆಯದು ನಡುದಾರಿಯಲ್ಲೇ ನಿಂತುಹೋಗುತ್ತದೆ. ಮುಗಿದ ಕಥೆಯನ್ನು ಮತ್ತೆ ಎಬ್ಬಿಸಿದರೆ ಅಳತೆಯ ಗುಣವೇ ಕೈಬಿಡುತ್ತದೆ.

ಇನ್ನು ನಿಜವಾಗಿ ದೊಡ್ಡದೆನ್ನಬಹುದಾದ ಕೃತಿಯ ಮಾತು. 2025ರ ಮಾರ್ಚಿಯಲ್ಲಿ, ವಾರಕ್ಕೆ ನಾಲ್ಕು ಕಂತಿನಂತೆ ನಾಲ್ಕು ವಾರ ಬಂದ ‘ವೆನ್ ಲೈಫ್ ಗಿವ್ಸ್ ಯು ಟ್ಯಾಂಜರೀನ್ಸ್’ ಅದು. ಬರೆದವರು ಲಿಮ್ ಸಾಂಗ್‌ಚೂನ್, ನಿರ್ದೇಶನ ಕಿಮ್ ವೊನ್‌ಸೊಕ್ ಅವರದು. ಕಥೆ ನಡೆಯುವುದು ಜೆಜು ಎಂಬ ದ್ವೀಪದಲ್ಲಿ. ಅಲ್ಲಿನ ಹೆಂಗಸರು ಉಸಿರು ಬಿಗಿಹಿಡಿದು ಕಡಲಿಗೆ ಮುಳುಗಿ ಕಪ್ಪೆಚಿಪ್ಪು, ಶಂಖದ ಜಾತಿಯ ಜೀವಿಗಳನ್ನು ಕಿತ್ತು ತಂದು ಸಂಸಾರ ಸಾಕುವವರು. ‘ಹೆನ್ಯೊ’ ಎಂದು ಅವರಿಗೆ ಹೆಸರು. 2016ರಲ್ಲಿ ಯುನೆಸ್ಕೊ ಅವರ ಸಂಪ್ರದಾಯವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಂಥ ತಾಯಿಯೊಬ್ಬಳು ಇಪ್ಪತ್ತೊಂಬತ್ತನೆಯ ವಯಸ್ಸಿಗೇ ತೀರಿಕೊಳ್ಳುತ್ತಾಳೆ. ಮಗಳು ಏಸುನ್‌ಗೆ ಕವಿಯಾಗುವ ಆಸೆ. ಆದರೆ ಓದು ನಿಲ್ಲುತ್ತದೆ, ಮದುವೆಯಾಗುತ್ತದೆ, ಮಕ್ಕಳಾಗುತ್ತಾರೆ, ಒಂದು ಮಗು ಬಿರುಗಾಳಿಯ ದಿನ ಸಾಯುತ್ತದೆ. ಅವಳ ಮಗಳು ರಾಜಧಾನಿಗೆ ಹೋಗಿ ಓದುತ್ತಾಳೆ. ಯೌವನದ ಏಸುನ್ ಆಗಿಯೂ ಅವಳ ಮಗಳಾಗಿಯೂ ಐಯು ಎಂಬ ಒಬ್ಬಳೇ ನಟಿ ಅಭಿನಯಿಸಿದ್ದಾಳೆ. ತಾಯಿಯ ಬಾಳಿನ ಮುಂದುವರಿಕೆಯೇ ಮಗಳ ಬಾಳು ಎಂಬ ಅರ್ಥ ಮಾತಿಲ್ಲದೆ ಹೊಳೆಯುತ್ತದೆ.

ಇದರ ಒಂದು ಸನ್ನಿವೇಶವನ್ನು ವಿಶೇಷವಾಗಿ ಹೇಳಬೇಕು. ಗಂಡನ ಮನೆಯಲ್ಲಿ ಗಂಡಸರದೊಂದು ಊಟದ ಮಣೆ, ಹೆಂಗಸರದು ಬೇರೆ. ಗ್ವಾನ್‌ಸಿಕ್ ಏನೂ ಹೇಳುವುದಿಲ್ಲ. ಕುಳಿತಲ್ಲಿಂದಲೇ ಹಿರಿಯರಿಗೆ ಬೆನ್ನು ಹಾಕಿ ಹೆಂಡತಿಯ ಕಡೆಗೆ ತಿರುಗಿ ಉಣ್ಣುತ್ತಾನೆ. ಗಂಡಸರ ಪಂಕ್ತಿ ಎದ್ದ ಮೇಲೆ ಅಡಿಗೆಮನೆಯಲ್ಲಿ ಉಳಿದದ್ದನ್ನು ಉಂಡು ಮುಗಿಸಿದ ನಮ್ಮ ಅಜ್ಜಿಯರನ್ನು ಕಂಡವರಿಗೆ ಈ ಸನ್ನಿವೇಶದ ಬೆಲೆಯನ್ನು ವಿವರಿಸಬೇಕಾಗಿಲ್ಲ. ‘ಕ್ವೀನ್ ಆಫ್ ಟಿಯರ್ಸ್’ ಬಂದೂಕಿನಿಂದ ಸಾಧಿಸಲಾರದ್ದನ್ನು ಇದು ಬೆನ್ನು ತಿರುಗಿಸುವುದರಿಂದ ಸಾಧಿಸುತ್ತದೆ.

ಇದನ್ನು ನೋಡುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’. 1941ರಲ್ಲಿ ಪ್ರಕಟವಾದ ಆ ಕಾದಂಬರಿ ಕೋಟದ ಬಳಿಯ ಕೋಡಿಯ ಕಥೆ; ಇಂದಿನ ಲೆಕ್ಕಕ್ಕೆ ಬ್ರಹ್ಮಾವರ ತಾಲೂಕಿನದು. ಅಲ್ಲಿಯೂ ಮೂರು ತಲೆಮಾರು, ಅಲ್ಲಿಯೂ ಕಡಲು, ಅಲ್ಲಿಯೂ ಮನೆಯನ್ನು ಹೊತ್ತವರು ಹೆಂಗಸರು. ಪಾರೋತಿ, ಸರಸೋತಿ, ನಾಗವೇಣಿ ಈ ಮೂವರನ್ನು ತಿಳಿದವನಿಗೆ ಜೆಜುವಿನ ಹೆಂಗಸರು ಪರದೇಶಿಯರಾಗಿ ಕಾಣುವುದಿಲ್ಲ. ಹೋಲಿಕೆ ಮಾಡಿದಾಗಲೇ ಕೊರಿಯಾದ ಕೃತಿಯ ಮಿತಿಯೂ ತಿಳಿಯುತ್ತದೆ. ಗ್ವಾನ್‌ಸಿಕ್ ಗಂಡಂದಿರಲ್ಲಿ ಚಿನ್ನ. ಅವನ ಒಳ್ಳೆಯತನಕ್ಕೆ ಎಲ್ಲಿಯೂ ಬಿರುಕಿಲ್ಲ. ಆದುದರಿಂದ ಏಸುನ್‌ಳ ಕಷ್ಟಗಳೆಲ್ಲ ಬಡತನದಿಂದಲೋ ವಿಧಿಯಿಂದಲೋ ಬರುತ್ತವೆ; ಪ್ರೀತಿಸಿದವನಿಂದ ಬರುವುದಿಲ್ಲ. ಕಾರಂತರು ಈ ಸಮಾಧಾನವನ್ನು ನಮಗೆ ಕೊಡಲಿಲ್ಲ. ರಾಮ ಐತಾಳರು ಮಕ್ಕಳಿಲ್ಲವೆಂದು ಪಾರೋತಿಯ ಮೇಲೆ ಇನ್ನೊಂದು ಮದುವೆಯಾಗುತ್ತಾರೆ. ಲಚ್ಚ ನಾಗವೇಣಿಯ ಬಾಳನ್ನು ಹಾಳುಮಾಡುತ್ತಾನೆ. ಅಲ್ಲಿ ಹೆಣ್ಣಿನ ದುಃಖಕ್ಕೆ ಕಾರಣ ಅವಳ ಮನೆಯ ಗಂಡಸೇ. ಕೊರಿಯಾದ ಕೃತಿಯಲ್ಲಿ ಅಳು ಬೇಗ ಬರುತ್ತದೆ. ಕಾರಂತರಲ್ಲಿ ತಡವಾಗಿ ಬರುತ್ತದೆ, ಆದರೆ ಬಂದದ್ದು ಹೋಗುವುದಿಲ್ಲ.

ಚರಿತ್ರೆಯ ವಿಷಯದಲ್ಲೂ ಇದೇ ಸಂಕೋಚ. ಜೆಜು ದ್ವೀಪದಲ್ಲಿ 1948ರ ಏಪ್ರಿಲಿನಲ್ಲಿ ತೊಡಗಿದ ದಂಗೆ, ಅದನ್ನಡಗಿಸಲು ನಡೆದ ಹತ್ಯೆಗಳಲ್ಲಿ ಸಾವಿರಾರು ಮಂದಿ ಸತ್ತರು. ಏಸುನ್ ಹುಟ್ಟಿದ್ದು 1951ರಲ್ಲಿ. ಅವಳ ತಾಯಿ ಆ ದಿನಗಳನ್ನು ಬದುಕಿ ದಾಟಿದವಳಾಗಿರಲೇಬೇಕು. ಆದರೂ ಆ ನೆರಳು ಕಥೆಯ ಮೇಲೆ ಬಿದ್ದಂತೆ ಕಾಣುವುದಿಲ್ಲ. ಇಷ್ಟು ಸೊಗಸಾದ ಕೃತಿಯಲ್ಲಿ ಇದು ಚಿಕ್ಕ ಕೊರತೆಯಲ್ಲ.

ಭಾಷೆಯ ಮಾತು ಮಾತ್ರ ನಮಗೆ ಪಾಠವಾಗಬೇಕು. ಈ ಧಾರಾವಾಹಿಯ ಕೊರಿಯನ್ ಹೆಸರೇ ಜೆಜುವಿನ ಆಡುನುಡಿಯಲ್ಲಿದೆ. ‘ತುಂಬ ದುಡಿದು ದಣಿದಿರಿ’ ಎಂದು ಅದರ ಭಾವ. 2022ರ ‘ಅವರ್ ಬ್ಲೂಸ್’ನಲ್ಲಿ ನೋ ಹೀಕ್ಯಂಗ್ ಅವರು ಪಾತ್ರಗಳಿಂದ ಆ ನುಡಿಯನ್ನೇ ಆಡಿಸಿ, ತಮ್ಮ ದೇಶದವರಿಗೇ ಅರ್ಥವಾಗಲೆಂದು ಕೆಳಗೆ ಕೊರಿಯನ್ ಅಕ್ಷರದಲ್ಲಿ ಮಾತು ಬರೆಯಿಸಿದರು. ಅದರ ಮುಖ್ಯ ಪಾತ್ರಗಳಲ್ಲೊಬ್ಬಳು ಮೀನು ಮಾರುವ ಹೆಂಗಸು. ಯುನೆಸ್ಕೊ 2010ರಲ್ಲಿ ಅಳಿವಿನಂಚಿನಲ್ಲಿದೆಯೆಂದು ಗುರುತಿಸಿದ ನುಡಿ ಅದು. ನಾವು ಆಷಾಢದ ಅಮಾವಾಸ್ಯೆಗೆ ಕುಂದಾಪ್ರ ಕನ್ನಡ ದಿನವನ್ನು ಆಚರಿಸುತ್ತೇವೆ, ಸಂತೋಷ. ಆದರೆ ನಮ್ಮ ಧಾರಾವಾಹಿಗಳಲ್ಲಿ ಈ ನುಡಿ ಬಂದರೆ ಅದು ಹೆಚ್ಚಾಗಿ ಹಾಸ್ಯಗಾರನ ಬಾಯಲ್ಲಿ. ಈ ಭಾಷೆಯಲ್ಲಿ ಒಬ್ಬಳು ಅಳುವುದಕ್ಕೂ, ಪ್ರೀತಿಸುವುದಕ್ಕೂ, ಕವಿತೆ ಬರೆಯುವುದಕ್ಕೂ ಸಾಧ್ಯವೆಂಬುದನ್ನು ತೋರಿಸಿಕೊಟ್ಟವರು ವಿರಳ.

ಕರಾವಳಿಯ ಬಾಳನ್ನು ಕಿರುತೆರೆಗೆ ತರುವ ಶಕ್ತಿ ನಮ್ಮಲ್ಲಿಲ್ಲವೆಂದಲ್ಲ. ಸದಾನಂದ ಸುವರ್ಣರ ‘ಗುಡ್ಡದ ಭೂತ’ ದೂರದರ್ಶನದಲ್ಲಿ ಬಂದು ಮೂರು ದಶಕಗಳು ದಾಟಿದರೂ ಜನ ಅದನ್ನು ಮರೆತಿಲ್ಲ. ಟಿ. ಎನ್. ಸೀತಾರಾಮರೂ ಜೊತೆಯವರೂ 1998ರ ‘ಮಾಯಾಮೃಗ’ದಲ್ಲಿ ಮಧ್ಯಮವರ್ಗದ ಮನೆಗಳನ್ನು ಗೌರವದಿಂದ ಕಂಡಿದ್ದರು. ಇಲ್ಲದಿರುವುದು ಅಳತೆಯ ಮೇಲಿನ ನಂಬಿಕೆ. ಹದಿನಾರು ಕಂತಿನಲ್ಲಿ ಹೇಳಿ ಮುಗಿಸುವ ಧೈರ್ಯ.

ನನ್ನ ತರಗತಿಯ ಹುಡುಗಿಯರಿಗೆ ಜೆಜುವಿನ ಹೆನ್ಯೊಗಳು ಗೊತ್ತು. ಗಂಗೊಳ್ಳಿಯ ಬಂದರಿನಲ್ಲಿ, ಉಪ್ಪುಂದದ ದಂಡೆಯಲ್ಲಿ ಬೆಳಗಿನ ಜಾವಕ್ಕೇ ಬುಟ್ಟಿ ಹಿಡಿದು ನಿಲ್ಲುವ ಹೆಂಗಸರಲ್ಲಿ ಕೆಲವರಿಗೆ ಅವರು ಮಗಳೋ ಮೊಮ್ಮಗಳೋ ಆಗಿರಬಹುದು. ಆದರೆ ಆ ಬಾಳು ಕಥೆಗೆ ತಕ್ಕುದೆಂದು ಅವರಿಗೆ ಯಾರೂ ಹೇಳಿಲ್ಲ. ಅದು ಅವರ ತಪ್ಪಲ್ಲ. ಕೊರಿಯಾದ ಧಾರಾವಾಹಿಗಳನ್ನು ಅವರು ನೋಡಲಿ. ಕೆಟ್ಟದ್ದನ್ನು ಬಿಟ್ಟು ಒಳ್ಳೆಯದನ್ನು ನೋಡಲಿ. ಜೊತೆಗೆ ‘ಮರಳಿ ಮಣ್ಣಿಗೆ’ಯನ್ನೂ ಓದಲಿ. ನಮ್ಮ ವಾಹಿನಿಗಳವರಲ್ಲಿ ಯಾರಿಗಾದರೂ ಮನಸ್ಸು ಬಂದರೆ, ಪಾರೋತಿ, ಸರಸೋತಿ, ನಾಗವೇಣಿಯರ ಕಥೆ ಹದಿನಾರು ಕಂತಿಗೆ ಸರಿಯಾಗಿ ಒದಗುತ್ತದೆ. ಅದನ್ನು ಅವರದೇ ಮಾತಿನಲ್ಲಿ ಆಡಿಸಬೇಕೆಂಬುದಷ್ಟೇ ನನ್ನ ಕೋರಿಕೆ.