ಗೆಲುವಿನ ರನ್ ಪೂರ್ತಿಯಾಗುವುದು ಯಾವಾಗ?

ಬೀದರ್, ಭಾಲ್ಕಿ, ಔರಾದ ಕಡೆಯ ಟೆನಿಸ್ ಬಾಲ್ ಪಂದ್ಯಗಳಲ್ಲಿ ತಕರಾರು ಏಳುವುದು ಹೆಚ್ಚಾಗಿ ಕೊನೆಯ ಓವರಿನಲ್ಲೇ. ಗೆಲುವಿಗೆ ಒಂದು ರನ್ ಬೇಕು. ಬ್ಯಾಟ್ಸ್‌ಮನ್ ಚೆಂಡು ತಳ್ಳಿ ಓಡುತ್ತಾನೆ. ಜೊತೆಗಾರ ಕ್ರೀಸ್ ಮುಟ್ಟುವ ಮೊದಲೇ ಹುಡುಗರು ನುಗ್ಗಿ ಸ್ಟಂಪ್ ಕಿತ್ತಿರುತ್ತಾರೆ. ಇಬ್ಬರೂ ಕ್ರೀಸ್ ಮುಟ್ಟಿದರಷ್ಟೇ ರನ್. ಅದನ್ನು ನೋಡಿ ಹೇಳಬೇಕಾದ ಅಂಪೈರ್ ಗುಂಪಿನಲ್ಲಿ ಸಿಕ್ಕಿಕೊಂಡಿರುತ್ತಾರೆ.

ಬೇಸ್‌ಬಾಲ್ ಇದೇ ಪ್ರಶ್ನೆಯನ್ನು 1908ರ ಸೆಪ್ಟೆಂಬರ್ 23ರಂದು ನ್ಯೂಯಾರ್ಕಿನಲ್ಲಿ ಎದುರಿಸಿತು. ಆ ಆಟದಲ್ಲಿ ಮೂವರು ಔಟಾದರೆ ತಂಡದ ಸರದಿ ಮುಗಿಯಿತು. ಮೂರನೆಯವನು ಮುಂದಿನ ಬೇಸಿಗೆ ಓಡಲೇಬೇಕಾದ ಆಟಗಾರನಾಗಿದ್ದರೆ, ಅಷ್ಟರಲ್ಲಿ ಬಂದ ರನ್ನೂ ಲೆಕ್ಕಕ್ಕಿಲ್ಲ. ಜೈಂಟ್ಸ್ ತಂಡದ ಗೆಲುವಿನ ರನ್ ಬಂದೇಬಿಟ್ಟಿತು ಎಂದು ಜನ ಮೈದಾನಕ್ಕಿಳಿದರು. ಮೊದಲ ಬೇಸಿನಲ್ಲಿದ್ದ ಹತ್ತೊಂಬತ್ತರ ಫ್ರೆಡ್ ಮರ್ಕಲ್ ಎರಡನೆಯದನ್ನು ಮುಟ್ಟದೆ ಹೊರಟ. ಕಬ್ಸ್ ತಂಡದ ಜಾನಿ ಎವರ್ಸ್ ಚೆಂಡು ಹಿಡಿದು ಆ ಬೇಸ್ ಮುಟ್ಟಿದ. ಅಂಪೈರ್ ಹ್ಯಾಂಕ್ ಓಡೇ ಔಟ್ ಕೊಟ್ಟರು. ಪಂದ್ಯ 1–1ರ ಸಮವಾಯಿತು. ಅಕ್ಟೋಬರ್ 8ರ ಮರುಪಂದ್ಯದಲ್ಲಿ ಕಬ್ಸ್ ಗೆದ್ದಿತು. ಹಾಗೆ ಓಟ ಬಿಟ್ಟು ಹೊರಡುವುದು ಅಂದಿನ ರೂಢಿ, ನಿಜ. ಆದರೂ ತೀರ್ಪು ಸರಿ. ಜನರ ಕೇಕೆಗೆ ಆಟ ಮುಗಿಯಬಾರದು.

ಹಾಗೆಂದು ನಿಯಮ ಕುರುಡಾಗಬಾರದು. 2010ರ ಆಗಸ್ಟ್ 16ರಂದು ದಂಬುಲ್ಲದಲ್ಲಿ ಭಾರತಕ್ಕೆ ಒಂದೇ ರನ್ ಬೇಕಿತ್ತು, ಸೆಹ್ವಾಗ್ 99ರಲ್ಲಿದ್ದರು. ಶ್ರೀಲಂಕಾದ ಬೌಲರ್ ಸೂರಜ್ ರಂದೀವ್ ಬೇಕೆಂದೇ ನೋಬಾಲ್ ಎಸೆದರು. ಸೆಹ್ವಾಗ್ ಸಿಕ್ಸರ್ ಹೊಡೆದರು. ನೋಬಾಲಿನ ಒಂದು ರನ್ನಿಗೇ ಪಂದ್ಯ ಮುಗಿದಿದ್ದರಿಂದ ಸಿಕ್ಸರ್ ದಾಖಲಾಗಲಿಲ್ಲ. ಸರಿಯಾದ ಎಸೆತವಾಗಿದ್ದರೆ ಇದೇ ಕ್ರಿಕೆಟ್ ನಿಯಮ ಆರೂ ರನ್ ಕೊಡುತ್ತಿತ್ತು. ತಪ್ಪು ಮಾಡಿದ ಬೌಲರಿಗೆ ಲಾಭ, ಹೊಡೆದವರಿಗೆ ನಷ್ಟ: ಇದು ನ್ಯಾಯವಲ್ಲ. ಬೇಸ್‌ಬಾಲ್ ಇಂಥ ಕೊರತೆಯನ್ನು 1920ರಲ್ಲೇ ತಿದ್ದಿಕೊಂಡಿದೆ. ಅಲ್ಲಿ ಕೊನೆಯ ಹೊಡೆತ ಬೇಲಿ ದಾಟಿದರೆ ಹೋಂ ರನ್ನಿನ ರನ್ನುಗಳೆಲ್ಲ ಸಿಗುತ್ತವೆ. ಹೊಡೆದವನು ಎಲ್ಲ ಬೇಸ್ ಮುಟ್ಟಿ ಬಂದ ಮೇಲೆಯೇ ಆಟ ಮುಗಿಯುತ್ತದೆ. ಕ್ರಿಕೆಟ್ಟೂ ಇದನ್ನು ಒಪ್ಪಬೇಕು.

ನಮ್ಮ ಟೂರ್ನಿ ನಡೆಸುವವರು ಅದಕ್ಕಾಗಿ ಕಾಯಬೇಕಿಲ್ಲ. ಅಂಪೈರ್ ಹೇಳುವವರೆಗೆ ಯಾರೂ ಬೌಂಡರಿ ಗೆರೆ ದಾಟಬಾರದು. ನೋಬಾಲಿನ ಮೇಲೆ ಬಂದ ಬೌಂಡರಿಯೂ ಹೊಡೆದವನಿಗೆ ಸಲ್ಲಬೇಕು. ಈ ಎರಡು ಮಾತುಗಳನ್ನು ಟಾಸ್‌ಗೆ ಮೊದಲೇ ಇಬ್ಬರು ನಾಯಕರಿಗೂ ಹೇಳಿ ಒಪ್ಪಿಸಿದರೆ, ಕೊನೆಯ ಓವರಿನ ತಕರಾರು ಅರ್ಧಕ್ಕರ್ಧ ತಗ್ಗುತ್ತದೆ.