ಉಕ್ಕಿನ ರೀಡಿನ ನಾದ: ರಸಿಕರಿಗೊಂದು ಕೈಪಿಡಿ

ರೀಡು ಎಂದರೆ ನಮ್ಮ ಕಿವಿಗೆ ಮೊದಲು ಬರುವುದು ಹಾರ್ಮೋನಿಯಂ. ಅಲ್ಲಿ ತಿದಿಯ ಗಾಳಿ ಹಿತ್ತಾಳೆಯ ರೀಡನ್ನು ನುಡಿಸುತ್ತದೆ; ಗಾಳಿ ಇರುವಷ್ಟು ಹೊತ್ತೂ ಸ್ವರ ನಿಲ್ಲುತ್ತದೆ. ಅಮೆರಿಕದ ವುರ್ಲಿಟ್ಸರ್ ಕಂಪನಿ 1950ರ ದಶಕದಲ್ಲಿ ಮಾರುಕಟ್ಟೆಗೆ ತಂದ ಎಲೆಕ್ಟ್ರಿಕ್ ಪಿಯಾನೋದಲ್ಲಿ ಗಾಳಿಗೆ ಕೆಲಸವಿಲ್ಲ. ಫೆಲ್ಟ್ ಹೊದಿಸಿದ ಪುಟ್ಟ ಸುತ್ತಿಗೆ ಉಕ್ಕಿನ ರೀಡಿಗೆ ಬಡಿಯುತ್ತದೆ. ಸ್ವರ ಹುಟ್ಟಿದ ಕ್ಷಣದಿಂದಲೇ ಕರಗತೊಡಗುತ್ತದೆ.

ಇಂಥ ವಾದ್ಯವನ್ನು ಕೈಯಾರೆ ಕಟ್ಟುವವರು ಈಗಲೂ ಇದ್ದಾರೆ. ಅವರ ಕೆಲಸ ಅರಿತರೆ ನಮ್ಮ ಕೇಳ್ಮೆಯೂ ಹರಿತವಾಗುತ್ತದೆ.

ಶ್ರುತಿ: ರೀಡಿನ ಒಂದು ತುದಿ ಬಿಗಿ, ಇನ್ನೊಂದು ತುದಿ ಸ್ವತಂತ್ರ. ಒಂದೇ ದಪ್ಪದ ಪಟ್ಟಿಯ ಉದ್ದವನ್ನು ಅರ್ಧಕ್ಕೆ ಇಳಿಸಿದರೆ ಸ್ವರ ಎರಡು ಸ್ಥಾಯಿ ಮೇಲೇರುತ್ತದೆ. ತಂತಿಯಾದರೆ ಒಂದೇ ಸ್ಥಾಯಿ. ಸೂಕ್ಷ್ಮ ಶ್ರುತಿಗೆ ತುದಿಯಲ್ಲಿ ಬೆಸುಗೆಯ ಸೀಸದ ಹನಿ ಇರುತ್ತದೆ. ಅರದಿಂದ ಉಜ್ಜಿ ತೆಗೆದಷ್ಟೂ ಶ್ರುತಿ ಏರುತ್ತದೆ, ಸೇರಿಸಿದಷ್ಟೂ ಇಳಿಯುತ್ತದೆ. ಬುಡದ ಸ್ಕ್ರೂ ಸಡಿಲವಾಗಿದ್ದರೆ ಸ್ವರ ಬೇಗ ಸಾಯುತ್ತದೆ.

ಬಣ್ಣ: ರೀಡಿನ ತುದಿ ಲೋಹದ ತಟ್ಟೆಯ ಸೀಳಿನೊಳಗೆ, ಎಲ್ಲೂ ತಗುಲದೆ, ಮೇಲೆ ಕೆಳಗೆ ಆಡುತ್ತದೆ. ಇವೆರಡೂ ಸೇರಿ ಒಂದು ಕೆಪಾಸಿಟರ್. ಅದಕ್ಕೆ 150 ವೋಲ್ಟ್ ಆಸುಪಾಸಿನ ವಿದ್ಯುತ್ ಕೊಟ್ಟಿರುತ್ತಾರೆ. ಆದ್ದರಿಂದ ಕಟ್ಟುವವರು ಮುನ್ನೆಚ್ಚರಿಕೆ ಮರೆಯಬಾರದು. ರೀಡಿನ ಚಲನೆಯೇ ಸಂಕೇತವಾಗಿ ಆಂಪ್ಲಿಫೈಯರ್ ಸೇರುತ್ತದೆ. ಮೆಲ್ಲಗೆ ನುಡಿಸಿದರೆ ತುದಿ ಸ್ವಲ್ಪವೇ ಆಡುತ್ತದೆ, ನಾದ ಕೊಳಲಿನಷ್ಟು ಮೃದು. ಬಲವಾಗಿ ಒತ್ತಿದರೆ ತುದಿ ತಟ್ಟೆಯನ್ನು ದಾಟಿ ಹೊರಗೂ ತೂಗುತ್ತದೆ. ಆಗ ಸಂಕೇತದ ಆಕಾರವೇ ಬದಲಾಗಿ, ಮೇಲಿನ ಸ್ವರಾಂಶಗಳು ಎದ್ದು, ನಾದ ಗದರುತ್ತದೆ. ಈ ವಾದ್ಯದ ಜೀವಾಳ ಇದೇ: ಇಲ್ಲಿ ಬಲ ಬದಲಾದರೆ ಬಣ್ಣವೂ ಬದಲಾಗುತ್ತದೆ.

ಕೇಳುವ ಬಗೆ: ರೇ ಚಾರ್ಲ್ಸ್‌ರ 1959ರ ‘ವಾಟ್ಡ್ ಐ ಸೇ’ಯಿಂದ ಶುರುಮಾಡಿ, ಆರಂಭದ ಎಡಗೈ ಸ್ವರಗಳ ಒರಟುತನ ಗಮನಿಸಿ. ಬಳಿಕ ಕ್ಯಾನನ್‌ಬಾಲ್ ಆಡರ್ಲಿ ತಂಡದ 1966ರ ‘ಮರ್ಸಿ, ಮರ್ಸಿ, ಮರ್ಸಿ’ಯಲ್ಲಿ ಜೋ ಜಾವಿನುಲ್‌ರ ಬೆರಳನ್ನು ಹಿಂಬಾಲಿಸಿ. ಕ್ವೀನ್ ತಂಡದ 1975ರ ‘ಯು ಆರ್ ಮೈ ಬೆಸ್ಟ್ ಫ್ರೆಂಡ್’ನಲ್ಲಿ ಈ ವಾದ್ಯವನ್ನು ನುಡಿಸಿದವರು ಜಾನ್ ಡೀಕನ್. ಮೂರರಲ್ಲೂ ಮೃದುವಿನಿಂದ ಗದರಿಕೆಗೆ ದಾಟುವ ಘಳಿಗೆಯನ್ನು ಹಿಡಿಯಿರಿ.

ಕೈಯಲ್ಲಿ ಕಟ್ಟಿದ ವಾದ್ಯ ಎದುರಿಗಿದ್ದರೆ ಕೆಳಗಿನಿಂದ ಮೇಲಿನವರೆಗೆ ಒಂದೇ ಬಲದಲ್ಲಿ ನುಡಿಸಲು ಹೇಳಿ. ಶ್ರುತಿ ಸರಿಯಿದ್ದರೆ ಸಾಲದು. ಪಕ್ಕಪಕ್ಕದ ಮನೆಗಳ ಬಣ್ಣವೂ ಹೊಂದಬೇಕು. ಪ್ರತಿ ರೀಡನ್ನೂ ಸೀಳಿನ ನಟ್ಟನಡುವೆ ತಾಳ್ಮೆಯಿಂದ ಕೂರಿಸಿದವರಿಗೆ ಮಾತ್ರ ಅದು ಒಲಿಯುತ್ತದೆ. ನೀವೇ ಕಟ್ಟುವ ಮನಸ್ಸಿದ್ದರೆ ಪೂರ್ಣ ವಾದ್ಯದ 64 ಮನೆಗಳ ಯೋಚನೆ ಬದಿಗಿರಲಿ. ಮೊದಲು ಒಂದು ರೀಡು ಚೆನ್ನಾಗಿ ನುಡಿಯುವಂತೆ ಮಾಡಿ.